ತವರಿನಲ್ಲಿ ಆಡದೆಯೇ ಮೂರು ಸಲ ಗೆದ್ದವರು

ಬೆಂಗಳೂರಿನಲ್ಲಿ ಫುಟ್‌ಬಾಲ್ ಇಷ್ಟಪಡುವ ಗೆಳೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.

ಎಲ್ಲರಿಗೂ ನಮಸ್ಕಾರ.

ಇಂಡಿಯನ್ ವುಮೆನ್ಸ್ ಲೀಗ್ ಅಂತ ನಮ್ಮ ದೇಶದಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಲೀಗ್ ಒಂದಿದೆ. ಅದನ್ನು ಗೋಕುಲಂ ಕೇರಳ ಎನ್ನುವ ಕ್ಲಬ್ ಸತತವಾಗಿ ಮೂರು ಸಲ ಗೆದ್ದಿದೆ. ಅವರ ಊರು ಕೋಯಿಕ್ಕೋಡ್, ನಮ್ಮ ಹಿರಿಯರ ಬಾಯಲ್ಲಿ ಕಲ್ಲಿಕೋಟೆ. ಮೊದಲನೇ ಸಲ ಕಪ್ ಎತ್ತಿದ್ದು 2020ರಲ್ಲಿ, ಇದೇ ಬೆಂಗಳೂರಿನಲ್ಲಿ. ಎರಡನೇ ಸಲ 2022ರಲ್ಲಿ ಭುವನೇಶ್ವರದಲ್ಲಿ. ಮೂರನೇ ಸಲ 2023ರಲ್ಲಿ ಅಹಮದಾಬಾದಿನಲ್ಲಿ. ಆ ಮೂರು ಸೀಸನ್‌ಗಳಲ್ಲಿ ಲೀಗಿನ ಮುಖ್ಯ ಸುತ್ತಿನ ಒಂದೇ ಒಂದು ಪಂದ್ಯವನ್ನೂ ಅವರು ತಮ್ಮ ಊರಲ್ಲಿ ಆಡಲಿಲ್ಲ. ಅವರ ಊರಿನವರು ಆ ತಂಡವನ್ನು ಫೋನಿನಲ್ಲಿ ನೋಡಿದರು, ಮರುದಿನ ಪೇಪರಿನಲ್ಲಿ ಓದಿದರು, ಅಷ್ಟೇ.

ಇವತ್ತು ನಾನು ಮಾತಾಡೋದು ಇದರ ಬಗ್ಗೆ. ಹೆಣ್ಣುಮಕ್ಕಳ ಕ್ಲಬ್ ಅಂದ ತಕ್ಷಣ ನಾವೆಲ್ಲ ಕಪ್ ಎಷ್ಟು ಬಂತು ಅಂತ ಲೆಕ್ಕ ಹಾಕುತ್ತೇವೆ. ಅವರಿಗೆ ವರ್ಷಕ್ಕೆ ಎಷ್ಟು ಪಂದ್ಯ ಸಿಕ್ಕಿತು, ಅದರಲ್ಲಿ ಎಷ್ಟು ತಮ್ಮ ಊರಲ್ಲಿ ಸಿಕ್ಕಿತು ಅಂತ ಕೇಳುವವರು ಕಡಿಮೆ. ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಅದನ್ನೇ.

ಮೊದಲು ಊರಿನ ಬಗ್ಗೆ ಎರಡು ಮಾತು. ಕೋಯಿಕ್ಕೋಡಿಗೆ ಫುಟ್‌ಬಾಲ್ ಹೊಸದಲ್ಲ. ಸೇಠ್ ನಾಗ್ಜಿ ಟೂರ್ನಮೆಂಟ್ ಅಲ್ಲಿ 1950ರ ದಶಕದಿಂದಲೇ ಇತ್ತು. 1987ರ ನೆಹರೂ ಕಪ್ ನಡೆದದ್ದು ಆ ಊರಿನಲ್ಲೇ. ಮಲಬಾರಿನ ಸೆವೆನ್ಸ್ ಬಗ್ಗೆ ನಿಮ್ಮಲ್ಲಿ ಕೆಲವರು ಕೇಳಿರಬಹುದು. ತಂಡಕ್ಕೆ ಏಳೇ ಜನ, ಚಿಕ್ಕ ಮೈದಾನ, ಸುತ್ತ ತಾತ್ಕಾಲಿಕ ಗ್ಯಾಲರಿ, ರಾತ್ರಿ ದೀಪದ ಬೆಳಕಲ್ಲಿ ಆಟ, ಆಫ್ರಿಕಾದಿಂದ ಬಂದ ಆಟಗಾರರು. ಮಳೆಗಾಲ ಮುಗಿದ ಮೇಲೆ ಮುಂದಿನ ಬೇಸಿಗೆಯವರೆಗೂ ಅದು ನಡೆಯುತ್ತಲೇ ಇರುತ್ತದೆ. ವಿಶ್ವಕಪ್ ಬಂದರಂತೂ ಬೀದಿ ಬೀದಿಯಲ್ಲಿ ಬ್ರೆಜಿಲ್, ಅರ್ಜೆಂಟೀನಾ ಬಾವುಟ. ಇಷ್ಟು ಹುಚ್ಚಿರುವ ಊರಿನಲ್ಲಿ ಆಡುವ ಹುಡುಗಿಯರಿಗೆ ದಾರಿ ಮಾತ್ರ ತುಂಬಾ ಕಾಲ ಇರಲಿಲ್ಲ.

ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಫೌಸಿಯಾ ಮಾಂಪಟ್ಟ. ಕೇರಳ ತಂಡದ ಗೋಲ್‌ಕೀಪರ್ ಆಗಿದ್ದವರು, ಆಮೇಲೆ ಕೋಯಿಕ್ಕೋಡಿನ ನಡಕ್ಕಾವ್ ಸರ್ಕಾರಿ ಹುಡುಗಿಯರ ಶಾಲೆಯಲ್ಲಿ ಕೋಚ್ ಆದರು. ಒಂದು ಸರ್ಕಾರಿ ಶಾಲೆಯ ಅಂಗಳದಲ್ಲಿ ವರ್ಷಗಟ್ಟಲೆ ಹುಡುಗಿಯರಿಗೆ ಆಟ ಕಲಿಸಿದರು, ಅಲ್ಲಿಂದ ರಾಜ್ಯ ತಂಡಕ್ಕೆ, ಅದರ ಮೇಲಕ್ಕೂ ಆಟಗಾರ್ತಿಯರನ್ನು ಕಳಿಸಿದರು. 2021ರ ಫೆಬ್ರವರಿಯಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಗೋಕುಲಂ ಕಪ್ ಗೆದ್ದ ಸುದ್ದಿಗೆ ಸಿಕ್ಕ ಜಾಗದಲ್ಲಿ ಹತ್ತನೇ ಒಂದು ಪಾಲೂ ಇಂಥವರಿಗೆ ಸಿಗುವುದಿಲ್ಲ, ನನಗೆ ಅದು ಸರಿ ಅನಿಸುವುದಿಲ್ಲ. ಕ್ಲಬ್ ಅನ್ನುವುದು ದುಡ್ಡಿದ್ದವರು ಒಂದು ದಿನ ತೀರ್ಮಾನ ಮಾಡಿದರೆ ಶುರುವಾಗುತ್ತದೆ. ಆಡುವ ಹುಡುಗಿಯರು ಹಾಗೆ ಒಂದು ದಿನದಲ್ಲಿ ತಯಾರಾಗುವುದಿಲ್ಲ, ಅಲ್ವಾ?

ಕ್ಲಬ್ಬಿನ ವಿಷಯಕ್ಕೆ ಬರೋಣ. ಚಿಟ್ ಫಂಡ್ ವ್ಯವಹಾರದಿಂದ ಬೆಳೆದ ಶ್ರೀ ಗೋಕುಲಂ ಸಮೂಹ 2017ರಲ್ಲಿ ಈ ಕ್ಲಬ್ ಶುರು ಮಾಡಿತು. ಗಂಡುಮಕ್ಕಳ ತಂಡ ಐ-ಲೀಗ್ ಎನ್ನುವ ರಾಷ್ಟ್ರೀಯ ಲೀಗಿಗೆ ಹೋಯಿತು. ಹೆಣ್ಣುಮಕ್ಕಳ ತಂಡವನ್ನೂ ಶುರುವಿನಲ್ಲೇ ಕಟ್ಟಿದರು. ಅದು ಸಣ್ಣ ವಿಷಯವಲ್ಲ. ಆಗ ದೊಡ್ಡ ದೊಡ್ಡ ಹೆಸರಿನ ಎಷ್ಟೋ ಕ್ಲಬ್ಬುಗಳು ಹೆಣ್ಣುಮಕ್ಕಳ ತಂಡದ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ಲೀಗನ್ನು ಎತ್ತಿ ಹಿಡಿದಿದ್ದವರು ಇಂಫಾಲದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್, ಒಡಿಶಾದ ರೈಸಿಂಗ್ ಸ್ಟೂಡೆಂಟ್ಸ್ ಕ್ಲಬ್, ಮದುರೈನ ಸೇತು ಎಫ್‌ಸಿ ಇಂಥವರು. ಮೊದಲ ಮೂರು ಸಲ ಕಪ್ ಹೋದದ್ದು ಇದೇ ಮೂರು ಕ್ಲಬ್ಬುಗಳಿಗೆ, ಇದೇ ಕ್ರಮದಲ್ಲಿ. ಯಾರಿಗೂ ದೊಡ್ಡ ದುಡ್ಡಿನ ಬೆಂಬಲ ಇರಲಿಲ್ಲ. ಹಠ ಇತ್ತು.

ಈಗ 2020ರ ಬೆಂಗಳೂರು. ನಿಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ ಗೊತ್ತಿಲ್ಲ, ಆ ವರ್ಷ ಇಡೀ ಲೀಗ್ ನಡೆದದ್ದು ನಮ್ಮ ಊರಲ್ಲೇ. ಜನವರಿ 24ಕ್ಕೆ ಶುರು, ಫೆಬ್ರವರಿ 14ಕ್ಕೆ ಫೈನಲ್. ಮೂರು ವಾರದಲ್ಲಿ ಹೆಣ್ಣುಮಕ್ಕಳ ದೇಶದ ಅತಿ ದೊಡ್ಡ ಲೀಗ್ ಮುಗಿದುಹೋಯಿತು. ಊರಿಗೆ ಜಾತ್ರೆ ಬಂದು ಡೇರೆ ಕಿತ್ತುಕೊಂಡು ಹೋದ ಹಾಗೆ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಫೈನಲ್. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್ ಅಂಥ ಫುಟ್‌ಬಾಲ್ ಕೇರಿಗಳು ಇರುವ ನಮ್ಮಂಥ ಊರಲ್ಲಿ ಅದು ಹಬ್ಬವಾಗಬೇಕಿತ್ತು. ಬಹಳ ಜನಕ್ಕೆ ಅದು ನಡೆಯುತ್ತಿದೆ ಅನ್ನೋದೇ ಗೊತ್ತಿರಲಿಲ್ಲ.

ಆ ಫೈನಲ್ ಮಾತ್ರ ಎಂಥಾ ಪಂದ್ಯ! ಎದುರಾಳಿ ಮಣಿಪುರದ ಕ್ರಿಫ್ಸಾ. ಶುರುವಾದ ಮೊದಲ ನಿಮಿಷದಲ್ಲೇ ಗೋಕುಲಂನ ಪರಮೇಶ್ವರಿ ದೇವಿ ಗೋಲ್ ಹೊಡೆದರು. ಜನ ಕೂತುಕೊಳ್ಳುವ ಮೊದಲೇ 1-0. ಇಪ್ಪತ್ತೈದನೇ ನಿಮಿಷದ ಹೊತ್ತಿಗೆ ಕಮಲಾ ದೇವಿ ಇನ್ನೊಂದು. ಮುಗೀತು ಅನ್ನುವಷ್ಟರಲ್ಲಿ ಗ್ರೇಸ್ ದಾಂಗ್ಮೇಯಿ ಒಂದು ಗೋಲ್ ತಿರುಗಿಸಿದರು. ಎರಡನೇ ಅರ್ಧದಲ್ಲಿ ರತನ್‌ಬಾಲಾ ದೇವಿ ಸಮ ಮಾಡಿದರು. 2-2. ಮೂರು ನಿಮಿಷ ಉಳಿದಿದೆ ಅನ್ನುವಾಗ ನೇಪಾಳದ ಸಾಬಿತ್ರಾ ಭಂಡಾರಿ ಹೊಡೆದ ಗೋಲ್, 3-2. ಕೇರಳದ ಒಂದು ತಂಡ ಈ ಲೀಗ್ ಗೆದ್ದದ್ದು ಅದೇ ಮೊದಲು. ಕೋಚ್ ಆಗಿದ್ದವರು ಕಣ್ಣೂರಿನ ಪ್ರಿಯಾ ಪಿ.ವಿ.

ಇಲ್ಲಿ ಒಂದು ವಿಷಯ ಗಮನಿಸಿ. ನಾನು ಹೇಳಿದ ಐದು ಗೋಲುಗಳಲ್ಲಿ ನಾಲ್ಕು ಮಣಿಪುರದ ಹುಡುಗಿಯರದ್ದು, ಎರಡೂ ಕಡೆ ಸೇರಿ. ಭಾರತದ ಹೆಣ್ಣುಮಕ್ಕಳ ಫುಟ್‌ಬಾಲ್ ಅಂದರೆ ದೊಡ್ಡ ಪಾಲು ಮಣಿಪುರವೇ. ಯಾವ ಊರಿನ ಕ್ಲಬ್ ಗೆದ್ದರೂ ಅದರ ಒಳಗೆ ಇಂಫಾಲದ ಮೈದಾನಗಳ ದುಡಿಮೆ ಇರುತ್ತದೆ. ಆಮೇಲೆ ಗೋಕುಲಂ ಸೇರಿದ ಆಶಾಲತಾ ದೇವಿ, ಭಾರತ ತಂಡದ ಕ್ಯಾಪ್ಟನ್ ಆಗಿದ್ದವರು, ಅವರೂ ಅಲ್ಲಿಯವರೇ. ಗ್ರೇಸ್ ಕೂಡ ಮುಂದೆ ಗೋಕುಲಂಗೆ ಬಂದರು.

ಸಾಬಿತ್ರಾ ಬಗ್ಗೆ ಬೇರೆಯಾಗಿ ಹೇಳಬೇಕು. ನೇಪಾಳದಲ್ಲಿ ಅವರನ್ನು ಪ್ರೀತಿಯಿಂದ ಸಾಂಬಾ ಅಂತ ಕರೆಯುತ್ತಾರೆ. ಲಮ್‌ಜುಂಗ್ ಎನ್ನುವ ಗುಡ್ಡಗಾಡಿನ ಜಿಲ್ಲೆಯಿಂದ ಬಂದವರು. ಮೊದಲು ಸೇತುವಿನಲ್ಲಿ ಆಡಿ ಕಪ್ ಗೆದ್ದರು, ಮರುವರ್ಷ ಗೋಕುಲಂನಲ್ಲಿ ಗೆದ್ದರು. ಆಮೇಲೆ ಇಸ್ರೇಲಿಗೆ ಹೋದರು, ಮತ್ತೆ ಗೋಕುಲಂಗೆ ಬಂದು 2023ರಲ್ಲಿ ಒಂದೇ ಸೀಸನ್ನಿನಲ್ಲಿ 29 ಗೋಲ್ ಹೊಡೆದರು. ಮುಂದೆ ಫ್ರಾನ್ಸಿನ ಮೊದಲ ದರ್ಜೆಯ ಕ್ಲಬ್ ಗ್ಯಾಂಗಾಂಗೆ ಹೋದರು. ನೇಪಾಳದ ಒಬ್ಬ ಹುಡುಗಿ ಭಾರತದ ಲೀಗನ್ನು ಮೆಟ್ಟಿಲು ಮಾಡಿಕೊಂಡು ಯುರೋಪಿನ ದೊಡ್ಡ ಲೀಗ್ ಮುಟ್ಟಿದಳು ಅಂದರೆ, ಈ ಲೀಗಿಗೆ ಏನೂ ಬೆಲೆಯಿಲ್ಲ ಅನ್ನುವವರಿಗೆ ಬೇರೆ ಉತ್ತರ ಬೇಡ.

ಬೆಂಗಳೂರಿನ ಗೆಲುವಾದ ತಿಂಗಳೊಳಗೆ ಕೊರೊನಾ ಬಂತು. ಮರುವರ್ಷದ ಲೀಗ್ ನಡೆಯಲೇ ಇಲ್ಲ. ಆ ಹೊತ್ತಿನಲ್ಲಿ ಆಟಗಾರ್ತಿಯರು ಏನು ಮಾಡಿದರು ಅನ್ನೋದು ಬೇರೆಯೇ ಒಂದು ಕಥೆ. ತಮಿಳುನಾಡಿನ ಇಂದುಮತಿ ಕದಿರೇಶನ್ ಭಾರತ ತಂಡದಲ್ಲಿ ಆಡಿದವರು, ಮುಂದೆ ಗೋಕುಲಂನಲ್ಲೂ ಆಡಿದವರು. ಅವರು ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಕೂಡ. ಲಾಕ್‌ಡೌನ್‌ನಲ್ಲಿ ಚೆನ್ನೈ ರಸ್ತೆಯಲ್ಲಿ ನಿಂತು ಡ್ಯೂಟಿ ಮಾಡಿದರು. ನಮ್ಮ ಹೆಣ್ಣುಮಕ್ಕಳ ಫುಟ್‌ಬಾಲನ್ನು ಬಹಳ ವರ್ಷ ಸಾಕಿದ್ದು ಇಂಥ ಕೆಲಸಗಳೇ. ಪೊಲೀಸ್, ರೈಲ್ವೆ, ಗಡಿ ಪಡೆ. ಮೂರು ವಾರದ ಲೀಗ್ ನಂಬಿಕೊಂಡು ವರ್ಷದ ಬಾಡಿಗೆ ಕಟ್ಟಲಾಗದು ತಾನೆ?

2021ರ ನವೆಂಬರಿನಲ್ಲಿ ಗೋಕುಲಂ ಜೋರ್ಡಾನ್ ದೇಶದ ಅಕಾಬಾಗೆ ಹೋಯಿತು. ಏಷ್ಯಾ ಮಟ್ಟದ ಮಹಿಳಾ ಕ್ಲಬ್ ಚಾಂಪಿಯನ್‌ಶಿಪ್. ನಾಲ್ಕು ತಂಡ, ಗೋಕುಲಂಗೆ ಮೂರನೇ ಸ್ಥಾನ. ಅಮ್ಮಾನ್ ವಿರುದ್ಧ 1-2, ಇರಾನಿನ ಶಹರ್ದಾರಿ ಸಿರ್ಜಾನ್ ವಿರುದ್ಧ 0-1, ಎರಡೂ ಕೂದಲೆಳೆಯ ಸೋಲು. ಉಜ್ಬೇಕಿಸ್ತಾನದ ಬುನ್ಯೋದ್ಕೋರ್ ವಿರುದ್ಧ 3-1 ಗೆಲುವು. ಆ ಪಂದ್ಯದಲ್ಲಿ ಮನೀಷಾ ಕಲ್ಯಾಣ್ ಗೋಲ್ ಹೊಡೆದರು. ಆ ಟೂರ್ನಿಯಲ್ಲಿ ಗೋಲ್ ಹೊಡೆದ ಮೊದಲ ಭಾರತೀಯ ಆಟಗಾರ್ತಿ ಅವರು. ಪಂಜಾಬಿನ ಹೋಶಿಯಾರ್‌ಪುರ ಜಿಲ್ಲೆಯ ಹಳ್ಳಿ ಹುಡುಗಿ. ಎರಡು ವಾರ ಕಳೆಯುವುದರೊಳಗೆ ಭಾರತ ತಂಡದ ಜೊತೆ ಬ್ರೆಜಿಲ್‌ಗೆ ಹೋಗಿ, ಮನೌಸ್ ನಗರದಲ್ಲಿ ಬ್ರೆಜಿಲ್ ಮೇಲೆಯೇ ಒಂದು ಗೋಲ್ ಹಾಕಿದರು. ಭಾರತ 1-6ರಿಂದ ಸೋತಿತು, ನಿಜ. ಆದರೂ ಎಂಟನೇ ನಿಮಿಷದ ಆ ಓಟ ಹುಡುಕಿ ನೋಡಿ. ಬ್ರೆಜಿಲ್ ರಕ್ಷಣೆ ಹಿಂದೆ ಉಳಿದು ನೋಡುತ್ತಿತ್ತು.

2022ರ ಏಪ್ರಿಲ್-ಮೇ, ಭುವನೇಶ್ವರ. ಹನ್ನೆರಡು ತಂಡ, ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಒಂದೊಂದು ಸಲ. ಕರಾವಳಿಯ ಬೇಸಿಗೆ. ಗೋಕುಲಂ ಹತ್ತು ಪಂದ್ಯ ಆಡಿ ಹತ್ತೂ ಗೆದ್ದಿತು. ಸೇತು ಕೂಡ ಹತ್ತಕ್ಕೆ ಹತ್ತು. ಕೊನೇ ಪಂದ್ಯ ಇವರಿಬ್ಬರದ್ದೇ. ಯಾರೋ ಕೂತು ಬರೆದ ಹಾಗಿತ್ತು ಆ ವೇಳಾಪಟ್ಟಿ. ಶುರುವಿನಲ್ಲೇ ಸೇತು ಗೋಲ್ ಹೊಡೆಯಿತು. ಆಮೇಲೆ ಆಶಾಲತಾ ಪೆನಾಲ್ಟಿಯಲ್ಲಿ ಸಮ ಮಾಡಿದರು, ಘಾನಾದ ಎಲ್‌ಷದಾಯಿ ಅಚಿಯಾಂಪಾಂಗ್ ಒಂದು, ಮನೀಷಾ ಒಂದು. 3-1. ಹನ್ನೊಂದಕ್ಕೆ ಹನ್ನೊಂದು. ಆಗ ಕೋಚ್ ಆಂಥೊನಿ ಆಂಡ್ರ್ಯೂಸ್.

ಇನ್ನು ನಾನು ಹೇಳುವುದು ಸಿಟ್ಟಿನಲ್ಲೇ ಹೇಳುತ್ತೇನೆ, ಕ್ಷಮಿಸಿ, ನಾಲ್ಕು ವರ್ಷದ ಹತ್ತಿರ ಆದರೂ ಇದು ತಣಿದಿಲ್ಲ. 2022ರ ಆಗಸ್ಟ್. ಈ ಚಾಂಪಿಯನ್ ತಂಡ ಮತ್ತೆ ಏಷ್ಯಾ ಟೂರ್ನಿಗೆ ಹೊರಟಿತು. ಈ ಸಲ ಉಜ್ಬೇಕಿಸ್ತಾನ. ಮೊದಲ ಪಂದ್ಯ ಆಗಸ್ಟ್ 23ಕ್ಕೆ, ಅಲ್ಲಿನ ಸೋಗ್ದಿಯಾನಾ ವಿರುದ್ಧ, ಆಮೇಲೆ 26ಕ್ಕೆ ಇರಾನಿನ ಬಾಮ್ ಖಾತೂನ್ ವಿರುದ್ಧ. ಆಗಸ್ಟ್ 16ರ ಬೆಳಗ್ಗೆ ತಂಡ ತಾಷ್ಕೆಂಟಿನಲ್ಲಿ ಇಳಿಯಿತು. ಅದೇ ಹೊತ್ತಿಗೆ ಸುದ್ದಿ ಬಂತು: ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಭಾರತವನ್ನು ಅಮಾನತು ಮಾಡಿದೆ, ಅಂದರೆ ನಮ್ಮ ತಂಡಗಳು ಅಂತರರಾಷ್ಟ್ರೀಯ ಪಂದ್ಯ ಆಡುವಂತಿಲ್ಲ. ಭಾರತದ ಫುಟ್‌ಬಾಲ್ ಫೆಡರೇಶನ್ ಚುನಾವಣೆ ಸಮಯಕ್ಕೆ ಆಗದೆ, ಆಡಳಿತವನ್ನು ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ ನೋಡಿಕೊಳ್ಳುತ್ತಿತ್ತು. ಹೊರಗಿನವರ ಕೈ ಜಾಸ್ತಿಯಾಯಿತು ಅನ್ನೋದು ಫಿಫಾ ಕೊಟ್ಟ ಕಾರಣ.

ಚುನಾವಣೆ ತಡವಾದದ್ದಕ್ಕೂ ಈ ಹುಡುಗಿಯರಿಗೂ ಏನು ಸಂಬಂಧ? ಏನೂ ಇಲ್ಲ. ಶಿಕ್ಷೆ ಮಾತ್ರ ಮೊದಲು ಬಿದ್ದದ್ದು ಅವರಿಗೆ. ಪರದೇಶದ ಹೋಟೆಲಿನಲ್ಲಿ ಕೂತು ದಿನ ಎಣಿಸಿದರು. ಕ್ಲಬ್ ಪ್ರಧಾನಿಗೆ ಪತ್ರ ಬರೆಯಿತು, ದಾರಿ ಮಾಡಿಕೊಡಿ ಅಂತ ಬೇಡಿಕೊಂಡಿತು. ಆಗಸ್ಟ್ 23 ಬಂತು, ಹೋಯಿತು. ಆಡಲು ಬಿಡಲಿಲ್ಲ. ಆಗಸ್ಟ್ 26ರಂದು ಫಿಫಾ ಅಮಾನತು ತೆಗೆಯಿತು. ಅಷ್ಟು ಹೊತ್ತಿಗೆ ಇವರ ಟೂರ್ನಿ ಮುಗಿದಿತ್ತು. ಸೆಪ್ಟೆಂಬರ್ 7ಕ್ಕೆ ಇದ್ದ ಗಂಡುಮಕ್ಕಳ ಪಂದ್ಯ, ಎಟಿಕೆ ಮೋಹನ್ ಬಗಾನ್ ಆಡಬೇಕಿದ್ದ ಎಎಫ್‌ಸಿ ಕಪ್ ಎನ್ನುವ ಏಷ್ಯಾ ಮಟ್ಟದ ಕ್ಲಬ್ ಟೂರ್ನಿಯ ಪಂದ್ಯ, ಕೋಲ್ಕತ್ತದಲ್ಲಿ ಆರಾಮಾಗಿ ನಡೆಯಿತು. ಅಕ್ಟೋಬರಿನಲ್ಲಿ ಹದಿನೇಳು ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಕೂಡ ನಮ್ಮ ದೇಶದಲ್ಲೇ ನಡೆಯಿತು. ಇಡೀ ಗಲಾಟೆಯಲ್ಲಿ ಕಳೆದುಕೊಂಡವರು ಒಬ್ಬರೇ. ಕಾಲಕ್ಕೆ ಸರಿಯಾಗಿ ವಿಮಾನ ಹತ್ತಿ ಹೋಗಿದ್ದವರು.

ಅದೇ ವಾರ, ಆಗಸ್ಟ್ 18ರಂದು, ಸೈಪ್ರಸ್‌ನಲ್ಲಿ ಮನೀಷಾ ಕಲ್ಯಾಣ್ ಅಪೊಲ್ಲೊನ್ ಕ್ಲಬ್ಬಿನ ಪರ ಮೈದಾನಕ್ಕಿಳಿದರು. ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗಿನಲ್ಲಿ ಆಡಿದ ಮೊದಲ ಭಾರತೀಯಳು. ಮೇ ತಿಂಗಳಲ್ಲಿ ಭುವನೇಶ್ವರದಲ್ಲಿ ಜೊತೆಯಲ್ಲಿ ಆಡಿದವರು ಆಗಸ್ಟಿನಲ್ಲಿ ಹೀಗಿದ್ದರು, ಒಬ್ಬಳು ಚಾಂಪಿಯನ್ಸ್ ಲೀಗಿನಲ್ಲಿ, ಉಳಿದವರು ತಾಷ್ಕೆಂಟಿನ ಹೋಟೆಲ್ ಕೋಣೆಯಲ್ಲಿ. ಗ್ರೇಸ್ ಉಜ್ಬೇಕಿಸ್ತಾನದ ನಸಾಫ್ ಸೇರಿದ್ದರು. ಸೌಮ್ಯಾ ಗುಗುಲೋತ್, ಜ್ಯೋತಿ ಚೌಹಾಣ್ ಕ್ರೊಯೇಷಿಯಾದ ಡೈನಮೊ ಜಾಗ್ರೆಬ್‌ಗೆ ಹೋದರು. ಹೋದವರು ಒಳ್ಳೆಯದನ್ನೇ ಮಾಡಿದರು. ಅಲ್ಲಿ ವರ್ಷಪೂರ್ತಿ ಆಟ ಇದೆ.

ನಮ್ಮೂರಿಗೂ ಈ ಕಥೆಗೂ ಇನ್ನೊಂದು ಕೊಂಡಿ ಇದೆ, ಅಷ್ಟು ಖುಷಿಯದ್ದಲ್ಲ. 2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೊಚ್ಚಿಯ ಕೇರಳ ಬ್ಲಾಸ್ಟರ್ಸ್ ಪಂದ್ಯ. ಗಂಡುಮಕ್ಕಳದ್ದು. ಹೆಚ್ಚುವರಿ ಸಮಯದಲ್ಲಿ ಬೆಂಗಳೂರಿನ ಸುನಿಲ್ ಛೆಟ್ರಿ ಎದುರಾಳಿ ಸಜ್ಜಾಗುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲ್ ಮಾಡಿದರು. ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೊರಟುಹೋಯಿತು. ನೀವೆಲ್ಲ ಅದನ್ನು ಇವತ್ತಿಗೂ ಚರ್ಚೆ ಮಾಡುತ್ತೀರಿ, ಗೊತ್ತು. ಫೆಡರೇಶನ್ ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಜೂನಿನಲ್ಲಿ ಬ್ಲಾಸ್ಟರ್ಸ್ ಒಂದು ಪ್ರಕಟಣೆ ಹೊರಡಿಸಿತು: ದಂಡದ ಹೊರೆಯಿಂದಾಗಿ ನಮ್ಮ ಮಹಿಳಾ ತಂಡವನ್ನು ಸದ್ಯಕ್ಕೆ ನಿಲ್ಲಿಸುತ್ತಿದ್ದೇವೆ. ಆ ತಂಡ ಶುರುವಾಗಿ ಒಂದು ವರ್ಷವೂ ಆಗಿರಲಿಲ್ಲ. ಗಂಡುಮಕ್ಕಳು ಮೈದಾನ ಬಿಟ್ಟು ನಡೆದರು, ಹೆಣ್ಣುಮಕ್ಕಳ ತಂಡ ಮುಚ್ಚಿತು. ಆ ಫ್ರೀ ಕಿಕ್ ಸರಿಯೋ ತಪ್ಪೋ ಅಂತ ವಾದ ಮಾಡಿದವರಲ್ಲಿ ಎಷ್ಟು ಜನ ಇದನ್ನು ಗಮನಿಸಿದರು?

ಹೀಗಾಗಿ ಗೋಕುಲಂ ತನ್ನ ಹೆಣ್ಣುಮಕ್ಕಳ ತಂಡವನ್ನು ಕೈಬಿಡದೆ ನಡೆಸಿಕೊಂಡು ಬಂದದ್ದಕ್ಕೆ ನನಗೆ ಗೌರವ ಇದೆ. ಅದೇ ವರ್ಷ ಮೇ 21ರಂದು ಅಹಮದಾಬಾದಿನಲ್ಲಿ ಮೂರನೇ ಕಪ್. ಫೈನಲ್‌ನಲ್ಲಿ ಎದುರಿದ್ದವರು ನಮ್ಮವರೇ, ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ. 5-0. ನೋವಾಯಿತು. ಆದರೂ ಕರ್ನಾಟಕದ ಒಂದು ಕ್ಲಬ್ ಹೆಣ್ಣುಮಕ್ಕಳ ರಾಷ್ಟ್ರೀಯ ಲೀಗಿನ ಫೈನಲ್ ಆಡಿತು ಅನ್ನೋದನ್ನು ನಮ್ಮ ಪತ್ರಿಕೆಗಳು ಇನ್ನೂ ದೊಡ್ಡದಾಗಿ ಬರೆಯಬಹುದಿತ್ತು.

2023ರ ಡಿಸೆಂಬರಿನಿಂದ ಲೀಗಿನ ರೂಪ ಬದಲಾಯಿತು. ಏಳು ತಂಡ, ಪ್ರತಿ ತಂಡಕ್ಕೂ ತವರಿನ ಅಂಗಳದಲ್ಲಿ ಆರು, ಹೊರಗೆ ಆರು. ಕೊನೆಗೂ ಕೋಯಿಕ್ಕೋಡಿನ ಇಎಂಎಸ್ ಸ್ಟೇಡಿಯಂನಲ್ಲಿ ಆ ಊರಿನ ಚಾಂಪಿಯನ್ನರು ರಾಷ್ಟ್ರೀಯ ಲೀಗ್ ಪಂದ್ಯ ಆಡಿದರು. ಮೂರು ಕಪ್ ಆದ ಮೇಲೆ.

ಮತ್ತೆ ಏನಾಯಿತು ಗೊತ್ತಾ? ಗೋಕುಲಂ ಗೆಲ್ಲಲಿಲ್ಲ. 2023-24ರಲ್ಲಿ ಒಡಿಶಾ ಎಫ್‌ಸಿ ಗೆದ್ದಿತು, 2024-25ರಲ್ಲಿ ಈಸ್ಟ್ ಬೆಂಗಾಲ್. ಎರಡೂ ಸಲ ಗೋಕುಲಂ ಎರಡನೇ ಸ್ಥಾನ. ಈಸ್ಟ್ ಬೆಂಗಾಲ್ ಗೆದ್ದಾಗ ಅದರ ಕೋಚ್ ಯಾರು? ಭುವನೇಶ್ವರದಲ್ಲಿ ಗೋಕುಲಂಗೆ ಕಪ್ ಗೆಲ್ಲಿಸಿದ ಅದೇ ಆಂಥೊನಿ ಆಂಡ್ರ್ಯೂಸ್. ಆ ಸೀಸನ್ನಿನಲ್ಲಿ ಗೋಕುಲಂನ ಉಗಾಂಡಾ ಆಟಗಾರ್ತಿ ಫಾಜಿಲಾ ಇಕ್ವಾಪುಟ್ 24 ಗೋಲ್ ಹೊಡೆದರು. ಲೀಗಿನಲ್ಲೇ ಅತಿ ಹೆಚ್ಚು. ಅಷ್ಟಾದರೂ ಕಪ್ ಬರಲಿಲ್ಲ. ಕೆಲವರು ಇದನ್ನು ಗೋಕುಲಂನ ಇಳಿಗಾಲ ಅಂತ ಬರೆದರು. ನಾನು ಒಪ್ಪುವುದಿಲ್ಲ. ಕೆಲವೇ ವಾರದ ಟೂರ್ನಿಯಲ್ಲಿ ಒಬ್ಬ ಸಾಬಿತ್ರಾ, ಒಬ್ಬ ಎಲ್‌ಷದಾಯಿ ಇದ್ದರೆ ಅರ್ಧ ಕೆಲಸ ಆದ ಹಾಗೆ. ನಾಲ್ಕು ತಿಂಗಳ ಲೀಗಿನಲ್ಲಿ ಗಾಯ, ಪ್ರಯಾಣ, ಬೆಂಚಿನಲ್ಲಿ ಕೂತವರ ಶಕ್ತಿ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಬೇರೆ ಕ್ಲಬ್ಬುಗಳೂ ದುಡ್ಡು ಹಾಕತೊಡಗಿದವು. ಎರಡನೇ ಸ್ಥಾನಕ್ಕೆ ಬೆವರು ಹರಿಸಬೇಕಾದ ಲೀಗ್ ಬಂತು ಅಂದರೆ ಅದು ಗೋಕುಲಂಗೂ ಒಳ್ಳೆಯದೇ.

ಇಲ್ಲಿಗೆ ನನ್ನ ಮಾತು ಮುಗಿಸಿದ್ದೆ. ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬರು ಹಿರಿಯರು ಕೇಳಿದರು: "ಎಲ್ಲಾ ಮಣಿಪುರ, ನೇಪಾಳ, ಘಾನಾ ಅಂತೀರಲ್ಲ, ಕೋಯಿಕ್ಕೋಡಿನ ಹುಡುಗಿಯರು ಎಲ್ಲಿ? ಇದು ಹೇಗೆ ಆ ಊರಿನ ಕ್ಲಬ್?" ಒಳ್ಳೆಯ ಪ್ರಶ್ನೆ, ಮತ್ತು ಸ್ವಲ್ಪ ಕಷ್ಟದ ಪ್ರಶ್ನೆ. ಕಪ್ ಗೆದ್ದ ವರ್ಷಗಳಲ್ಲಿ ತಂಡದ ಬೆನ್ನೆಲುಬು ಹೊರಗಿನವರೇ, ಇದು ನಿಜ. ನಾನು ಅದನ್ನು ಹೀಗೆ ನೋಡುತ್ತೇನೆ. ಊರಿನ ಹುಡುಗಿ ಆಟಕ್ಕೆ ಬರಬೇಕಾದರೆ ಮೊದಲು ಕಣ್ಣೆದುರು ಆಟ ಕಾಣಬೇಕು. ಚಾಂಪಿಯನ್ ತಂಡ ಅಹಮದಾಬಾದಿನಲ್ಲಿ ಆಡುತ್ತಾ ಕೂತರೆ ನಡಕ್ಕಾವ್ ಶಾಲೆಯ ಹುಡುಗಿ ಅದನ್ನು ಎಲ್ಲಿ ನೋಡುತ್ತಾಳೆ? ಕೇರಳದಲ್ಲಿ ರಾಜ್ಯ ಮಟ್ಟದ ಮಹಿಳಾ ಲೀಗ್ 2021ರ ಕೊನೆಗೆ ಮತ್ತೆ ಶುರುವಾಯಿತು, ಅದರಿಂದ ಅನುಕೂಲವಾಯಿತು. ಅದರ ಮರು ಸೀಸನ್ನಿನಲ್ಲಿ ಕೊಚ್ಚಿಯ ಲಾರ್ಡ್ಸ್ ಎಫ್‌ಎ ಎಂಬ ತಂಡ ಫೈನಲ್‌ನಲ್ಲಿ ಗೋಕುಲಂ ಅನ್ನೇ ಸೋಲಿಸಿತು. ಇಂಥ ಪೈಪೋಟಿ ಪಕ್ಕದ ಊರಿನಿಂದಲೇ ಬಂದರೆ ಊರಿನ ಹುಡುಗಿಯರಿಗೆ ಜಾಗ ತಾನಾಗಿ ಹುಟ್ಟುತ್ತದೆ. ಜೊತೆಗೆ ಇನ್ನೊಂದು ಮಾತು. ಗಂಡುಮಕ್ಕಳ ಕ್ಲಬ್ಬಿನಲ್ಲಿ ಸ್ಪೇನಿನವರು, ಬ್ರೆಜಿಲಿನವರು ಆಡಿದರೆ ಈ ಪ್ರಶ್ನೆಯನ್ನು ನಾವು ಇಷ್ಟು ಜೋರಾಗಿ ಕೇಳುವುದಿಲ್ಲ.

ಕಾಲೇಜು ಹುಡುಗಿಯೊಬ್ಬಳು ಸಂಬಳದ ಬಗ್ಗೆ ಕೇಳಿದಳು. 2023ರಲ್ಲಿ ಫೆಡರೇಶನ್ ಒಂದು ನಿಯಮ ಮಾಡಿತು: ಮೊದಲ ದರ್ಜೆಯ ಪ್ರತಿ ಕ್ಲಬ್ ಕನಿಷ್ಠ 10 ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿಯ ಒಪ್ಪಂದ ಕೊಡಬೇಕು. ತಿಂಗಳಿಗೆ ಇಪ್ಪತ್ತಾರು, ಇಪ್ಪತ್ತೇಳು ಸಾವಿರ. ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಒಂದು ಜೊತೆ ಒಳ್ಳೆ ಬೂಟು ತೆಗೆದುಕೊಂಡರೆ ಎಷ್ಟು ಉಳಿಯುತ್ತದೆ ನೀವೇ ಲೆಕ್ಕ ಹಾಕಿ. ಇದಕ್ಕೂ ಮುಂಚೆ ಇಷ್ಟು ಕೂಡ ಬರಹದಲ್ಲಿ ಇರಲಿಲ್ಲ ಅನ್ನೋದರಿಂದ ನಾನು ಇದನ್ನು ಸ್ವಾಗತಿಸುತ್ತೇನೆ. ಸಾಕು ಅಂತ ಮಾತ್ರ ಹೇಳಲಾರೆ.

"ಇದರಿಂದೆಲ್ಲ ಭಾರತ ತಂಡಕ್ಕೆ ಏನಾದರೂ ಆಯಿತಾ?" ಅಂತ ಇನ್ನೊಬ್ಬರು. ಆಯಿತು. 2025ರ ಜುಲೈ 5ರಂದು ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಭಾರತ ಥಾಯ್ಲೆಂಡನ್ನು 2-1ರಿಂದ ಸೋಲಿಸಿ 2026ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆಯಿತು. ಎರಡೂ ಗೋಲ್ ಸಂಗೀತಾ ಬಾಸ್ಫೋರ್ ಅವರದ್ದು. ಅರ್ಹತಾ ಸುತ್ತು ಆಡಿ, ಗೆದ್ದು, ಏಷ್ಯನ್ ಕಪ್‌ಗೆ ಹೋದದ್ದು ಅದೇ ಮೊದಲು. ಆಗ ಮುಖ್ಯ ಕೋಚ್ ಆಗಿದ್ದವರು ಕ್ರಿಸ್ಪಿನ್ ಛೆಟ್ರಿ, ಒಡಿಶಾಗೆ ಲೀಗ್ ಗೆಲ್ಲಿಸಿದವರು. ಸಹಾಯಕ ಕೋಚ್ ಪ್ರಿಯಾ ಪಿ.ವಿ., ಇದೇ ಅಶೋಕನಗರದ ಮೈದಾನದಲ್ಲಿ ಗೋಕುಲಂಗೆ ಮೊದಲ ಕಪ್ ತಂದವರು. ಲೀಗ್ ಇರದಿದ್ದರೆ ಈ ಇಬ್ಬರೂ ಆ ಜಾಗಕ್ಕೆ ಬರುವ ದಾರಿಯೇ ಇರಲಿಲ್ಲ.

ಕೊನೆಯ ಪ್ರಶ್ನೆ ಒಬ್ಬ ತಂದೆಯದ್ದು. "ನಿಮ್ಮ ಕೈಯಲ್ಲಿ ಅಧಿಕಾರ ಕೊಟ್ಟರೆ ಮೊದಲು ಏನು ಮಾಡ್ತೀರಿ ಸ್ವಲ್ಪ ಹೇಳಿ" ಅಂದರು. ಪಂದ್ಯಗಳ ಸಂಖ್ಯೆ ಜಾಸ್ತಿ ಮಾಡುತ್ತೇನೆ ಅಂದೆ. 2024-25ರಲ್ಲಿ ಹೆಣ್ಣುಮಕ್ಕಳ ಲೀಗಿನಲ್ಲಿ ಒಂದು ತಂಡಕ್ಕೆ ಸಿಕ್ಕಿದ್ದು 14 ಪಂದ್ಯ. ಅದೇ ವರ್ಷ ಐ-ಲೀಗಿನಲ್ಲಿ ಗೋಕುಲಂನ ಗಂಡುಮಕ್ಕಳಿಗೆ 22. ಸಾಬಿತ್ರಾ ಹೋದ ಫ್ರಾನ್ಸಿನ ಲೀಗಿನಲ್ಲೂ ಹನ್ನೆರಡು ತಂಡ, 22 ಪಂದ್ಯ. ಹನ್ನೆರಡು ತಂಡ ಮಾಡಿ, ಊರಿಂದ ಊರಿಗೆ ಹೋಗಿ ಬರುವ ಲೀಗ್ ಮಾಡಿ, ವರ್ಷದ ಶುರುವಿನಲ್ಲೇ ತಾರೀಕು ಹೇಳಿಬಿಡಿ. ಖರ್ಚು ಜಾಸ್ತಿ ಎಂದೋ, ಭಾರತ ತಂಡದ ಶಿಬಿರ ಇದೆ ಎಂದೋ ಕಾರಣ ಕೊಟ್ಟು ಮತ್ತೆ ಒಂದೇ ಊರಿಗೆ ಎಲ್ಲರನ್ನೂ ಕರೆದು ಮೂರು ವಾರದಲ್ಲಿ ಮುಗಿಸುವ ಪದ್ಧತಿಗೆ ಹೋಗಬೇಡಿ. ಕ್ಲಬ್ಬುಗಳಿಗೆ ಬಸ್ಸು, ರೈಲು, ಹೋಟೆಲಿನ ಖರ್ಚಲ್ಲಿ ಫೆಡರೇಶನ್ ಪಾಲು ಕೊಡಲಿ. ಅವರು ತಮ್ಮ ಮಗಳು ಒಂಬತ್ತನೇ ಕ್ಲಾಸು, ಶಾಲೆಯಲ್ಲಿ ಲೆಫ್ಟ್ ವಿಂಗ್, ಅಂದರೆ ಮೈದಾನದ ಎಡ ಅಂಚಿನಲ್ಲಿ, ಆಡುತ್ತಾಳೆ ಅಂದರು. ಕಿಕ್‌ಸ್ಟಾರ್ಟ್ ಬೆಂಗಳೂರಿನಲ್ಲಿ ಆಡುವಾಗ ಕರೆದುಕೊಂಡು ಹೋಗಿ, ಲೆಫ್ಟ್ ವಿಂಗ್ ಓಡುವ ಗೆರೆಯ ಹತ್ತಿರವೇ ಕೂರಿಸಿ ಅಂದೆ.